ಮಾತ್ರೆಯ ಹೊತ್ತು: ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಪಾರ್ಕಿನ್ಸನ್ ಆರೈಕೆಯ ಮಾನದಂಡ ಕುರಿತು ಒಂದು ಟಿಪ್ಪಣಿ

ಒಂದು ಜಿಲ್ಲೆಯಲ್ಲಿ ಪಾರ್ಕಿನ್ಸನ್ ಕಾಯಿಲೆಯ ಆರೈಕೆ ಹೇಗಿದೆ ಎಂದು ತಿಳಿಯಲು ಹೊರಟವರು ಮೊದಲು ಕೇಳುವುದು ಅಲ್ಲಿ ನರರೋಗ ತಜ್ಞರು ಎಷ್ಟು ಮಂದಿ ಇದ್ದಾರೆ ಎಂದು. ಯಾದಗಿರಿಯಂಥ ಜಿಲ್ಲೆಯ ವಿಷಯದಲ್ಲಿ ಈ ಪ್ರಶ್ನೆ ಕೇಳಿದ ಕೂಡಲೇ ಮಾತು ಮುಗಿದುಹೋಗುತ್ತದೆ. ತಜ್ಞರು ಕಲಬುರಗಿಯಲ್ಲಿ, ರಾಯಚೂರಿನಲ್ಲಿ, ಸೊಲ್ಲಾಪುರದಲ್ಲಿ, ಹೈದರಾಬಾದಿನಲ್ಲಿ ಇರುವವರು. ಅಲ್ಲಿಗೆ ಹೋಗಬಲ್ಲವರು ಹೋಗುತ್ತಾರೆ, ಉಳಿದವರು ಮನೆಯಲ್ಲಿ ಉಳಿಯುತ್ತಾರೆ. ನಾನು ಈ ಟಿಪ್ಪಣಿಯಲ್ಲಿ ಬೇರೆ ಪ್ರಶ್ನೆಯಿಂದ ಹೊರಡುತ್ತೇನೆ: ರೋಗಿಯ ಬಾಯಿಗೆ ಮಾತ್ರೆ ಹೊತ್ತಿಗೆ ಸರಿಯಾಗಿ, ತಿಂಗಳಿಂದ ತಿಂಗಳಿಗೆ ಕಡಿಯದೆ ಬೀಳುತ್ತಿದೆಯೇ? ಈ ಕಾಯಿಲೆಯ ಮಟ್ಟಿಗೆ ಆರೈಕೆಯ ಗುಣಮಟ್ಟದ ಬಹುಪಾಲು ಈ ಒಂದು ಪ್ರಶ್ನೆಯಲ್ಲಿ ಅಡಗಿದೆ ಎಂಬುದು ನನ್ನ ವಾದ. ಈ ಮಾನದಂಡವನ್ನು ತಾಲೂಕು ಆಸ್ಪತ್ರೆಯ ಮಟ್ಟದಲ್ಲೇ ಮುಟ್ಟಬಹುದು ಎಂಬುದು ಅದರ ಮುಂದಿನ ಹೆಜ್ಜೆ.

ಔಷಧದ ಚರಿತ್ರೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ನಡುಕದ ಈ ಕಾಯಿಲೆಯನ್ನು ವರ್ಣಿಸಿ ಪ್ರಬಂಧ ಬರೆದ. ಮೆದುಳಿನ ಆಳದಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ಸಾಯುತ್ತ ಬರುವುದೇ ಮೂಲ ತೊಂದರೆ ಎಂದು ತಿಳಿದದ್ದು ಅರ್ವಿಡ್ ಕಾರ್ಲ್‌ಸನ್ 1957ರಲ್ಲಿ ಆರಂಭಿಸಿದ ಸಂಶೋಧನೆಯ ಹಾದಿಯಲ್ಲಿ. ಜಾರ್ಜ್ ಕೊಟ್ಸಿಯಾಸ್ 1967ರಲ್ಲಿ ಲೆವೊಡೋಪಾವನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟು ಗುಣ ತೋರಿಸಿದ. ಅದಕ್ಕೂ 30 ವರ್ಷ ಮೊದಲೇ, 1937ರಲ್ಲಿ, ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಇದೇ ಲೆವೊಡೋಪಾವನ್ನು ನಸುಗುನ್ನಿ ಕಾಯಿಯ ಬೀಜದಿಂದ ಬೇರ್ಪಡಿಸಿದ್ದರು. ಹೊಲದ ಬೇಲಿಯಲ್ಲಿ ಹಬ್ಬಿ, ಮೈಗೆ ತಾಗಿದರೆ ತುರಿಕೆ ಹಚ್ಚುವ ಅದೇ ನಸುಗುನ್ನಿ. ಆಯುರ್ವೇದ ಕಂಪವಾತಕ್ಕೆ ಅದನ್ನು ಬಳಸುತ್ತ ಬಂದಿದೆ. ಅದರ ಪುಡಿಯಲ್ಲಿರುವುದು ನಿಜವಾದ ಔಷಧವೇ. ಆದ್ದರಿಂದಲೇ ಆಸ್ಪತ್ರೆಯ ಮಾತ್ರೆಯ ಜೊತೆಗೆ ಅದನ್ನೂ ತಿನ್ನುವ ರೋಗಿಗೆ ದಿನದ ಪ್ರಮಾಣ ಎಷ್ಟಾಗುತ್ತಿದೆ ಎಂಬುದು ವೈದ್ಯರಿಗೆ ಗೊತ್ತಿರಬೇಕು. ಬೈಗುಳ ಬೀಳುತ್ತದೆ ಎಂದು ಮನೆಯವರು ಈ ಸಂಗತಿ ಬಚ್ಚಿಡದಂತೆ ಕೇಳುವ ರೀತಿಯೂ ಆರೈಕೆಯ ಭಾಗ.

ಇಂದು ಬಳಕೆಯಲ್ಲಿರುವುದು ಲೆವೊಡೋಪಾ ಮತ್ತು ಕಾರ್ಬಿಡೋಪಾ ಬೆರೆತ ಮಾತ್ರೆ. ಔಷಧದಂಗಡಿಯಲ್ಲಿ ಜನ ಕೇಳುವುದು ಸಿಂಡೋಪಾ ಎಂದು. ಭಾರತದ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿ ಈ ಮಾತ್ರೆ ಇದೆ. ರಕ್ತದಲ್ಲಿ ಲೆವೊಡೋಪಾ ಅರ್ಧಕ್ಕೆ ಇಳಿಯಲು ಸುಮಾರು ಒಂದೂವರೆ ತಾಸು ಸಾಕು. ಕಾಯಿಲೆಯ ಮೊದಲ ವರ್ಷಗಳಲ್ಲಿ ಉಳಿದಿರುವ ಜೀವಕೋಶಗಳು ಅದನ್ನು ಕೂಡಿಟ್ಟುಕೊಂಡು ಕೊಡುವುದರಿಂದ ಹೊತ್ತು ಒಂದಿಷ್ಟು ತಪ್ಪಿದರೂ ನಡೆಯುತ್ತದೆ. ವರ್ಷಗಳು ಕಳೆದಂತೆ ಆ ಆಸರೆ ಹೋಗುತ್ತದೆ. ಆಗ ಮಾತ್ರೆಯ ಬಲ ಇರುವ ತಾಸುಗಳಲ್ಲಿ ಮನುಷ್ಯ ಎದ್ದು ನಡೆಯುತ್ತಾನೆ, ಬಲ ಇಳಿದ ತಾಸುಗಳಲ್ಲಿ ಮಂಚದ ಮೇಲೆ ಹೊರಳಲೂ ಆಗದೆ ಮಲಗುತ್ತಾನೆ. ಬ್ರಿಟನ್ನಿನ ನೈಸ್ ಸಂಸ್ಥೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಬೆನ್ನಿಗೇ 2018ರಲ್ಲಿ ಪ್ರಕಟಿಸಿದ ಗುಣಮಾನಕದಲ್ಲಿ ಒಂದು ಅಂಶ ಹೀಗಿದೆ: ಆಸ್ಪತ್ರೆಯಲ್ಲೋ ಆರೈಕೆ ಗೃಹದಲ್ಲೋ ಇರುವ ರೋಗಿಗೆ ಲೆವೊಡೋಪಾ ಆತನಿಗೆ ಗೊತ್ತುಪಡಿಸಿದ ಹೊತ್ತಿನ 30 ನಿಮಿಷಗಳ ಒಳಗೆ ಸಿಗಬೇಕು. ಆ ಮಾನಕದ ಉಳಿದ ಅಂಶಗಳಲ್ಲಿ ವಿಶೇಷ ಸೇವೆಯನ್ನು ಸಂಪರ್ಕಿಸಲು ಗೊತ್ತಾದ ಒಬ್ಬ ವ್ಯಕ್ತಿ ಇರುವುದು, ವ್ಯಾಯಾಮ ಮತ್ತು ಮಾತಿನ ಚಿಕಿತ್ಸೆಗೆ ಕಳಿಸುವುದು ಸೇರಿವೆ. ತಜ್ಞ ದಾದಿಯರು ಇರುವ ದೇಶಕ್ಕಾಗಿ ಬರೆದ ಮಾನಕವಿದು, ಹಾಗೆಯೇ ಎತ್ತಿ ಇಲ್ಲಿ ನೆಡಲಾಗದು. ಆದರೆ 30 ನಿಮಿಷದ ಮಾತಿಗೆ ಸ್ಕ್ಯಾನಿಂಗ್ ಯಂತ್ರ ಬೇಡ, ತಜ್ಞರೂ ಬೇಡ.

ಎಷ್ಟು ಜನರ ಮಾತು ಇದು? ಯಾದಗಿರಿ 2009ರ ಡಿಸೆಂಬರ್ 30ರಂದು ಗುಲ್ಬರ್ಗದಿಂದ ಬೇರೆಯಾಗಿ ಜಿಲ್ಲೆಯಾಯಿತು. ಆಗಿದ್ದದ್ದು ಯಾದಗಿರಿ, ಶಹಾಪುರ, ಸುರಪುರ ಈ ಮೂರು ತಾಲೂಕು. ಗುರುಮಠಕಲ್, ವಡಗೇರಾ, ಹುಣಸಗಿ ಆಮೇಲೆ ಬಂದವು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 11,74,271. ಭಾರತದಲ್ಲಿ ಪಾರ್ಕಿನ್ಸನ್ ಎಣಿಕೆಯ ಎರಡು ಹಳೆಯ ಸಮೀಕ್ಷೆಗಳು ಎರಡು ತುದಿಯಲ್ಲಿ ನಿಂತಿವೆ. ಮುಂಬಯಿಯ ಪಾರ್ಸಿಗಳಲ್ಲಿ ಭರೂಚಾ ಮತ್ತು ಸಂಗಡಿಗರು 14,010 ಜನರನ್ನು ನೋಡಿ 46 ರೋಗಿಗಳನ್ನು ಗುರುತಿಸಿದರು, ಅಂದರೆ ಲಕ್ಷಕ್ಕೆ 328. ಕಾಶ್ಮೀರದ ಹಳ್ಳಿಗಳಲ್ಲಿ ರಾಜ್ದಾನ್ ಮತ್ತು ಸಂಗಡಿಗರಿಗೆ 63,645 ಜನರಲ್ಲಿ ಸಿಕ್ಕಿದ್ದು ಲಕ್ಷಕ್ಕೆ 14. ಈ ದರಗಳನ್ನು ಯಾದಗಿರಿಯ ಜನಸಂಖ್ಯೆಗೆ ಹಚ್ಚಿದರೆ ಕೆಳಗಿನ ತುದಿಯಲ್ಲಿ ಸುಮಾರು 165, ಮೇಲಿನ ತುದಿಯಲ್ಲಿ ಸುಮಾರು 3,850 ಬರುತ್ತದೆ. ಪಾರ್ಸಿ ಸಮುದಾಯದಲ್ಲಿ ವೃದ್ಧರ ಪಾಲು ಬಹಳ ದೊಡ್ಡದು, ಯಾದಗಿರಿಯಲ್ಲಿ ಮಕ್ಕಳ ಪಾಲು ದೊಡ್ಡದು. ಹಾಗಾಗಿ ನಿಜವಾದ ಸಂಖ್ಯೆ ಕೆಳತುದಿಯ ಕಡೆಗೇ ಹತ್ತಿರ ಇದ್ದೀತು. ಅದು ಕೆಲವು ನೂರು ಎಂದು ಇಟ್ಟುಕೊಂಡರೂ ಒಂದೊಂದು ತಾಲೂಕಿಗೆ ಹತ್ತಾರು ಮನೆಗಳಾಗುತ್ತವೆ. ಒಬ್ಬ ತಾಲೂಕು ವೈದ್ಯ ಹೆಸರು ಹಿಡಿದು ನೆನಪಿಟ್ಟುಕೊಳ್ಳಬಹುದಾದಷ್ಟು ಸಂಖ್ಯೆ ಇದು. ನನಗೆ ಇದರಲ್ಲಿ ಭರವಸೆ ಕಾಣುತ್ತದೆ.

ಹಳ್ಳಿಗಳ ಬಗ್ಗೆ ಇನ್ನೊಂದು ಎಚ್ಚರವೂ ಬೇಕು. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ 1,02,557 ಜನರನ್ನು ಮನೆಮನೆಗೆ ಹೋಗಿ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಲ್ಲ ನರರೋಗಗಳೂ ಸೇರಿ ನಗರದಲ್ಲಿ ಲಕ್ಷಕ್ಕೆ 2,190 ಇದ್ದರೆ ಹಳ್ಳಿಯಲ್ಲಿ 4,070 ಇತ್ತು. ನರರೋಗ ಪೇಟೆಯವರ ಕಾಯಿಲೆ ಎಂಬ ನಂಬಿಕೆಗೆ ಆ ಅಧ್ಯಯನದಲ್ಲಿ ಆಧಾರವಿಲ್ಲ. ಹೊಲಕ್ಕೆ ಹೊಡೆಯುವ ಔಷಧಗಳ ಪ್ರಶ್ನೆಯನ್ನೂ ಇಲ್ಲಿ ಎತ್ತಬೇಕು. ಪ್ಯಾರಾಕ್ವಾಟ್ ಅಥವಾ ರೊಟೆನೋನ್ ಬಳಸಿದ ಅಮೆರಿಕದ ಕೃಷಿ ಕೆಲಸಗಾರರಲ್ಲಿ ಪಾರ್ಕಿನ್ಸನ್ ಸುಮಾರು ಎರಡೂವರೆ ಪಟ್ಟು ಹೆಚ್ಚು ಕಂಡದ್ದು 2011ರಲ್ಲಿ ವರದಿಯಾಯಿತು. ಪ್ಯಾರಾಕ್ವಾಟ್ ಅನೇಕ ದೇಶಗಳಲ್ಲಿ ನಿಷಿದ್ಧ, ಭಾರತದಲ್ಲಿ ಮಾರಾಟಕ್ಕಿದೆ. ಕೃಷ್ಣೆಯ ಕಾಲುವೆ ನೀರು ಬಂದ ಮೇಲೆ ಶಹಾಪುರ, ಸುರಪುರದ ಕಡೆ ಭತ್ತ, ಹತ್ತಿ, ಮೆಣಸಿನಕಾಯಿ ಹೆಚ್ಚಾದವು, ಅವುಗಳ ಜೊತೆಗೆ ಸಿಂಪಡಿಸುವ ಡಬ್ಬಿಯೂ ಬೆನ್ನೇರಿತು. ಇದರಿಂದ ಇಲ್ಲಿ ಕಾಯಿಲೆ ಹೆಚ್ಚಿದೆ ಎಂದು ಹೇಳುವುದು ಅವಸರವಾದೀತು. ಆದರೆ ನಡುಗುವ ಕೈಯವರನ್ನು ನೋಡಿದಾಗ ಎಷ್ಟು ವರ್ಷ, ಯಾವ ಬೆಳೆಗೆ, ಯಾವ ಔಷಧ ಹೊಡೆದರು ಎಂದು ಕೇಳಿ ಬರೆದಿಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಗುರುತಿಸುವ ಕೆಲಸಕ್ಕೆ ಬರುತ್ತೇನೆ. ಪಾರ್ಕಿನ್ಸನ್ ಕಾಯಿಲೆಯನ್ನು ಕಣ್ಣಿನಿಂದ, ಕೈಯಿಂದ ಪತ್ತೆ ಹಚ್ಚುತ್ತಾರೆ. ಚಲನೆ ನಿಧಾನವಾಗಿರಬೇಕು. ಅದರ ಜೊತೆಗೆ ಸುಮ್ಮನಿದ್ದಾಗ ನಡುಕವೋ, ಕೀಲುಗಳ ಬಿಗಿತವೋ ಇರಬೇಕು. ಎಲ್ಲ ಕಡೆ ಒಪ್ಪಿರುವ ಲಕ್ಷಣದ ತಿರುಳು ಇಷ್ಟೇ, ಎಂ.ಆರ್.ಐ. ಮಾಡಿಸುವುದು ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು. ಪಠ್ಯಪುಸ್ತಕ ಹೇಳುವ ಒಂದು ಸುಳಿವು, ಬರೆವ ಅಕ್ಷರ ಸಾಲು ಮುಗಿಯುವಷ್ಟರಲ್ಲಿ ಚಿಕ್ಕದಾಗುತ್ತ ಹೋಗುವುದು. 2011ರಲ್ಲಿ ಅಕ್ಷರಸ್ಥರು ಶೇ. 51.83 ಮಾತ್ರ ಇದ್ದ, ಮುದುಕಿಯರಲ್ಲಿ ಆ ಪಾಲು ಇನ್ನೂ ಕಡಿಮೆ ಇರುವ ಜಿಲ್ಲೆಯಲ್ಲಿ ಈ ಸುಳಿವು ಬಹಳ ಜನಕ್ಕೆ ಉಪಯೋಗಕ್ಕೆ ಬಾರದು. ಅದರ ಬದಲು ರೊಟ್ಟಿ ಬಡಿಯುವ ಕೈಯನ್ನು ನೋಡಬಹುದು. ಜೋಳದ ರೊಟ್ಟಿ ಬಡಿಯಲು ಒಂದೇ ಲಯದಲ್ಲಿ ಬಡಿತ ಬೀಳುತ್ತಿರಬೇಕು, ಹಿಟ್ಟು ತಿರುಗುತ್ತಿರಬೇಕು. ಬಡಿತ ಬರಬರುತ್ತ ಸಣ್ಣದಾಗಿ, ನಿಧಾನವಾಗಿ, ನಡುವೆ ನಿಂತುಹೋಗುತ್ತಿದ್ದರೆ ವೈದ್ಯ ಬೆರಳು ತಟ್ಟಿಸಿ ನೋಡುವ ಪರೀಕ್ಷೆಯಲ್ಲಿ ಏನು ಕಾಣುತ್ತಾನೋ ಅದೇ ಇಲ್ಲಿ ಕಾಣುತ್ತದೆ. ‘ಅವ್ವನ ರೊಟ್ಟಿ ಮದಲಿನಂಗ ದುಂಡಗ ಬರವಲ್ವು’ ಎಂದು ಸೊಸೆ ಹೇಳಿದರೆ ಅದನ್ನು ರೋಗಚರಿತ್ರೆ ಎಂದೇ ಬರೆದುಕೊಳ್ಳಬೇಕು. ಗಂಡಸರಲ್ಲಿ ಧೋತ್ರದ ಕಚ್ಚೆ ಹಾಕಲು ಹಿಡಿಯುವ ಹೊತ್ತು, ಆಕಳ ಹಾಲು ಕರೆಯುವಾಗಿನ ಕೈ, ನಡೆವಾಗ ಒಂದು ತೋಳು ಬೀಸದೆ ನಿಂತಿರುವುದು, ಇವೆಲ್ಲ ಕೇಳಬೇಕಾದವು. ಮೊದಮೊದಲು ಒಂದು ಕಡೆಯ ಕೈಕಾಲು ಮಾತ್ರ ಬಿಗಿಯುವುದರಿಂದ ಮನೆಯವರು ಇದನ್ನು ಲಕ್ವ ಎಂದುಕೊಂಡು ಲಕ್ವದ ಎಣ್ಣೆ ತಿಕ್ಕಿಸಲು ಊರೂರು ಅಲೆಯುವುದುಂಟು. ಲಕ್ವ ಒಮ್ಮೆಲೇ ಹೊಡೆಯುತ್ತದೆ, ಇದು ವರ್ಷಗಟ್ಟಲೆ ಮೆಲ್ಲಗೆ ಬರುತ್ತದೆ. ಆಶಾ ಕಾರ್ಯಕರ್ತೆಗೆ ಈ ಒಂದು ವ್ಯತ್ಯಾಸ ತಿಳಿಸಿದರೂ ಎಷ್ಟೋ ಅಲೆದಾಟ ತಪ್ಪೀತು.

ಪಾರ್ಕಿನ್ಸನ್ ಎಂದುಕೊಂಡದ್ದೆಲ್ಲ ಪಾರ್ಕಿನ್ಸನ್ ಆಗಿರುವುದಿಲ್ಲ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಪ್ರೊಕ್ಲೊರ್‌ಪೆರಜಿನ್, ಸಿನ್ನರಿಜಿನ್, ತಲೆನೋವಿಗೆ ತಿಂಗಳುಗಟ್ಟಲೆ ನುಂಗಿಸುವ ಫ್ಲೂನರಿಜಿನ್, ಮನೋರೋಗಕ್ಕೆ ಕೊಡುವ ಹ್ಯಾಲೊಪೆರಿಡಾಲ್ ಇವು ಡೋಪಮಿನ್ನಿನ ದಾರಿ ಕಟ್ಟುತ್ತವೆ. ಕಾಯಿಲೆ ಇಲ್ಲದ ಮುದುಕರಲ್ಲೂ ಇವುಗಳಿಂದ ನಡುಕ, ಬಿಗಿತ ಬರಬಹುದು. ಔಷಧ ನಿಲ್ಲಿಸಿದರೆ ಹೆಚ್ಚಿನವರಲ್ಲಿ ವಾರಗಳಲ್ಲೋ ತಿಂಗಳುಗಳಲ್ಲೋ ಅದು ಇಳಿಯುತ್ತದೆ. ಕಾಯಿಲೆ ಇದ್ದವರಿಗೆ ಇವೇ ಔಷಧ ಕೊಟ್ಟರೆ ಎದ್ದು ನಡೆಯುತ್ತಿದ್ದವರು ಹಾಸಿಗೆ ಹಿಡಿಯುತ್ತಾರೆ. ಲೆವೊಡೋಪಾ ಶುರು ಮಾಡಿದಾಗ ವಾಕರಿಕೆ ಬರುವುದು ಸಾಮಾನ್ಯ. ಆಗ ರೋಗಿ ಊರಿನ ಆರ್‌ಎಂಪಿ ವೈದ್ಯನ ಹತ್ತಿರ ಹೋಗಿ ‘ಒಂದು ಸೂಜಿ ಮಾಡ್ರಿ’ ಎನ್ನುತ್ತಾನೆ, ಸಿಗುವ ಸೂಜಿ ಮೆಟೊಕ್ಲೊಪ್ರಮೈಡ್ ಆಗಿರಬಹುದು. ಅಲ್ಲಿಗೆ ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಸಿದುಕೊಂಡಂತಾಯಿತು. ಇಂಥಲ್ಲಿ ಡೊಂಪೆರಿಡೋನ್ ಬಳಸಬಹುದು, ಹೃದಯದ ತೊಂದರೆ ಇದ್ದವರಲ್ಲಿ ಎಚ್ಚರದಿಂದ. ಈ ಭಾಗಕ್ಕೆ ಆರೈಕೆಯ ಮಾನದಂಡ ಬರೆಯುವವರು ಕೊಡಬೇಕಾದ ಔಷಧಕ್ಕಿಂತ ಮೊದಲು ಕೊಡಬಾರದ ಔಷಧಗಳ ಪಟ್ಟಿ ಬರೆಯಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಆ ಪಟ್ಟಿ ಔಷಧದಂಗಡಿಯವರ ಹತ್ತಿರವೂ ಇರಬೇಕು.

ಕೊಡುವ ಔಷಧಗಳಲ್ಲೂ ಒಂದರ ಬಗ್ಗೆ ಈ ಸೀಮೆಗೇ ಸೇರಿದ ಎಚ್ಚರಿಕೆ ಇದೆ. ಟ್ರೈಹೆಕ್ಸಿಫೆನಿಡಿಲ್ ಅಗ್ಗದ ಮಾತ್ರೆ, ನಡುಕಕ್ಕೆ ಧಾರಾಳವಾಗಿ ಬರೆಯುತ್ತಾರೆ. ಅದು ಬೆವರನ್ನು ತಡೆಯುತ್ತದೆ, ಬಾಯಿ ಒಣಗಿಸುತ್ತದೆ, ಮಲಬದ್ಧತೆ ಹೆಚ್ಚಿಸುತ್ತದೆ, ವಯಸ್ಸಾದವರಲ್ಲಿ ಬುದ್ಧಿ ಮಂಕು ಮಾಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ತಗಡಿನ ಮನೆಯಲ್ಲಿ ಕೂತ ಎಪ್ಪತ್ತರ ಮುದುಕನಿಗೆ ಬೆವರು ಬರದಂತೆ ಮಾಡುವುದು ಜೀವಕ್ಕೇ ಅಪಾಯ. ಈ ಕಾಯಿಲೆಯವರಿಗೆ ಎದ್ದು ನಿಂತಾಗ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರುವುದೂ ಸಾಮಾನ್ಯ, ನೀರು ಕಡಿಮೆಯಾದರೆ ಅದು ಇನ್ನೂ ಹೆಚ್ಚು. ಬೇಸಿಗೆಗೆ ಮೊದಲು, ಮಾರ್ಚ್ ತಿಂಗಳಲ್ಲೇ, ಪ್ರತಿ ರೋಗಿಯ ಮಾತ್ರೆಗಳನ್ನು ಮತ್ತೆ ನೋಡುವ ಪದ್ಧತಿ ಲಂಡನ್ನಿನ ಮಾರ್ಗಸೂಚಿಯಲ್ಲಿ ಇರಲಾರದು. ಯಾದಗಿರಿಯ ಮಾರ್ಗಸೂಚಿಯಲ್ಲಿ ಅದು ಇರಲೇಬೇಕು.

ಊಟದ ವಿಷಯದಲ್ಲೂ ಹಾಗೆಯೇ. ಲೆವೊಡೋಪಾ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಹೋಗುವ ದಾರಿಯಲ್ಲೇ ಬೇಳೆಕಾಳಿನ, ಹಾಲು ಮೊಸರಿನ ಪ್ರೋಟೀನಿನ ಅಂಶಗಳೂ ಹೋಗುತ್ತವೆ, ಇಕ್ಕಟ್ಟಾಗುತ್ತದೆ. ಆದ್ದರಿಂದ ಮಾತ್ರೆಯನ್ನು ಊಟಕ್ಕೆ ಅರ್ಧ ತಾಸಿನಿಂದ ಒಂದು ತಾಸು ಮೊದಲು ನುಂಗಬೇಕು. ಮಾತ್ರೆಯ ಬಲ ಏರಿಳಿಯುವ ಹಂತ ತಲುಪಿದವರಿಗೆ ತೊಗರಿ ಬ್ಯಾಳಿ, ಕಾಳಿನ ಪಲ್ಯ, ಮೊಸರು ಇವುಗಳ ಹೆಚ್ಚಿನ ಪಾಲು ರಾತ್ರಿ ಊಟಕ್ಕೆ ಬಂದರೆ ಹಗಲು ಓಡಾಡಲು ಅನುಕೂಲ. ಒಟ್ಟು ಪ್ರಮಾಣ ಕಡಿಮೆ ಮಾಡಬಾರದು, ಈ ಕಾಯಿಲೆಯವರು ಮೊದಲೇ ಸೊರಗುತ್ತಾರೆ. ರಕ್ತಹೀನತೆಗೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣದ ಮಾತ್ರೆಯೂ ಲೆವೊಡೋಪಾ ಸೇರುವುದನ್ನು ತಡೆಯುವುದರಿಂದ ಎರಡರ ನಡುವೆ ಎರಡು ತಾಸಾದರೂ ಅಂತರ ಇರಬೇಕು. ನುಂಗುವ ತೊಂದರೆ ಶುರುವಾದವರಿಗೆ ಕಟಕ ರೊಟ್ಟಿ ಬೇಡ. ಬಿಸಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಅಥವಾ ನುಚ್ಚು, ಸಂಗಟಿ ಮಾಡಿ, ಕೂಡಿಸಿಯೇ ಉಣಿಸಬೇಕು. ಕೊನೆಯ ವರ್ಷಗಳಲ್ಲಿ ಈ ರೋಗಿಗಳ ಜೀವ ತೆಗೆಯುವುದು ಹೆಚ್ಚಾಗಿ ಅನ್ನ ನೀರು ಶ್ವಾಸನಾಳಕ್ಕೆ ಇಳಿದು ಬರುವ ನ್ಯುಮೋನಿಯ.

ಮನೆಯ ರಚನೆಯನ್ನೂ ನೋಡಬೇಕು. ಈ ಭಾಗದ ಮನೆಗಳಿಗೆ ಹಾಸಿರುವ ಶಹಾಬಾದಿ ಫರಸಿಯ ಬಗ್ಗೆ ಒಂದು ಮಾತು. ನಡೆಯುತ್ತ ನಡೆಯುತ್ತ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುವುದು ಈ ಕಾಯಿಲೆಯ ಕಠಿಣ ಲಕ್ಷಣ. ಇಕ್ಕಟ್ಟಾದ ಬಾಗಿಲು, ಹೊಸ್ತಿಲು, ತಿರುವು ಬಂದಲ್ಲಿ ಅದು ಹೆಚ್ಚು. ನೆಲದ ಮೇಲೆ ಅಡ್ಡಗೆರೆಗಳಿದ್ದರೆ, ಗೆರೆ ದಾಟುವ ಗುರಿ ಸಿಕ್ಕಿ ಹೆಜ್ಜೆ ಏಳುತ್ತದೆ. ಫರಸಿ ಕಲ್ಲುಗಳ ನಡುವಿನ ಸಂದಿಯೇ ಅಂಥ ಗೆರೆ. ಅದಕ್ಕೆ ಸುಣ್ಣವೋ ಬಣ್ಣವೋ ಹಚ್ಚಿ ಎದ್ದು ಕಾಣುವಂತೆ ಮಾಡಿದರೆ ಖರ್ಚಿಲ್ಲದೆ ಒಂದು ಸಾಧನ ಸಿದ್ಧ. ಬೀಳುವ ಅಪಾಯ ಮನೆಯ ಹೊರಗೂ ಇದೆ. ನಸುಕಿನಲ್ಲಿ ಚರಿಗೆ ಹಿಡಿದು ಬಯಲಿಗೆ ಹೋಗುವವರು, ಶೌಚಾಲಯ ಇದ್ದರೂ ಕುಕ್ಕರಗಾಲಲ್ಲಿ ಕೂತು ಏಳಲಾಗದವರು, ರಾತ್ರಿಯ ಮಾತ್ರೆಯ ಬಲ ಪೂರ್ತಿ ಇಳಿದ ಹೊತ್ತಿನಲ್ಲೇ ಆ ಕಷ್ಟ ಪಡುತ್ತಾರೆ. ದಿನದ ಮೊದಲ ಮಾತ್ರೆಯನ್ನು ಹಾಸಿಗೆಯಲ್ಲೇ ಕೊಟ್ಟು, ಅದರ ಬಲ ಬಂದ ಮೇಲೆ ಎಬ್ಬಿಸುವುದು, ನಡು ತೂತಿನ ಕುರ್ಚಿಯೊಂದನ್ನು ಇಡುವುದು, ಇವು ಸಣ್ಣ ಮಾತುಗಳಲ್ಲ. ತೊಡೆಮೂಳೆ ಮುರಿದ ಮುದುಕಿ ಮತ್ತೆ ಎದ್ದು ನಡೆಯುವುದು ಕಷ್ಟ.

ಧ್ವನಿಯೂ ಕುಗ್ಗುತ್ತದೆ. ಮನೆಯವರಿಗೆ ಕೇಳಿಸದಷ್ಟು ಮೆಲ್ಲಗೆ ಮಾತಾಡುತ್ತ ಬಂದವರು ಕೊನೆಗೆ ಮಾತೇ ಬಿಡುತ್ತಾರೆ. ಗಟ್ಟಿಯಾಗಿ ಉಚ್ಚರಿಸುವ ಅಭ್ಯಾಸ ಇದಕ್ಕೆ ಮದ್ದು ಎಂಬುದು ಒಪ್ಪಿತ ವಿಚಾರ. ಮಾತಿನ ಚಿಕಿತ್ಸಕರು ಸಿಗದ ಹಳ್ಳಿಯಲ್ಲಿ ಭಜನೆಯ ಮೇಳವಿದೆ. ತಿಂಥಣಿ ಮೌನೇಶ್ವರರ ಸೀಮೆಯಲ್ಲಿ ತತ್ವಪದ ಹಾಡುವವರಿಗೆ ಕೊರತೆಯಿಲ್ಲ. ವಾರಕ್ಕೊಮ್ಮೆ ಗುಡಿಯ ಕಟ್ಟೆಗೆ ಕರೆದೊಯ್ದು ತಾಳದ ಜೊತೆ ಗಟ್ಟಿಯಾಗಿ ಹಾಡಿಸಿದರೆ ಧ್ವನಿಗೂ ಮನಸ್ಸಿಗೂ ಒಳ್ಳೆಯದು. ಈ ಕಾಯಿಲೆಯಲ್ಲಿ ಖಿನ್ನತೆ ಕಾಯಿಲೆಯದೇ ಭಾಗ, ‘ಮುಖ ಗಂಟ್ಹಾಕ್ಕೊಂಡು ಕೂತಾನ’ ಎಂದು ಮನೆಯವರು ದೂರುವುದು ಮುಖದ ಸ್ನಾಯು ಬಿಗಿದಿರುವುದನ್ನು. ಮುಂದುವರಿದ ಹಂತದಲ್ಲಿ ಇಲ್ಲದ ಮಕ್ಕಳು, ಸತ್ತುಹೋದ ಬಂಧುಗಳು ಕಣ್ಣಿಗೆ ಕಾಣುವುದುಂಟು. ಗಾಳಿ ಸೋಕಿದೆ ಎಂದು ದರ್ಗಾಕ್ಕೋ ಗುಡಿಗೋ ಕರೆದೊಯ್ದರೆ ತಪ್ಪಲ್ಲ, ನೆಮ್ಮದಿ ಸಿಗುವುದಾದರೆ ಸಿಗಲಿ. ಅಪಾಯವಿರುವುದು ಹ್ಯಾಲೊಪೆರಿಡಾಲ್ ಚುಚ್ಚುವುದರಲ್ಲಿ, ಇಲ್ಲವೇ ಹೆದರಿ ಪಾರ್ಕಿನ್ಸನ್ ಮಾತ್ರೆಯನ್ನೆಲ್ಲ ಒಮ್ಮೆಲೇ ನಿಲ್ಲಿಸುವುದರಲ್ಲಿ. ಲೆವೊಡೋಪಾ ಥಟ್ಟನೆ ನಿಂತರೆ ತೀವ್ರ ಜ್ವರ, ಮೈ ಸೆಟೆತ, ಪ್ರಜ್ಞೆ ತಪ್ಪುವಿಕೆ ಬಂದು ಸಾವೂ ಸಂಭವಿಸಬಹುದು.

ಹಾಗಾದರೆ ಇರುವ ವ್ಯವಸ್ಥೆಯಲ್ಲಿ ಇದನ್ನೆಲ್ಲ ಯಾರು ಹೊರಬೇಕು? ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರದಲ್ಲಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಯೋಜನೆ ಆಮೇಲೆ ಬೇರೆ ಜಿಲ್ಲೆಗಳಿಗೂ ಹರಡಿತು. ಅದರ ಗಮನ ಪಾರ್ಶ್ವವಾಯು, ಮೂರ್ಛೆರೋಗ, ತಲೆನೋವು, ಮರೆವಿನ ಕಾಯಿಲೆಗಳ ಮೇಲೆ. ಪಾರ್ಕಿನ್ಸನ್ನನ್ನು ಅದೇ ಸಾಲಿಗೆ ಸೇರಿಸಲು ಹೊಸ ಕಟ್ಟಡ ಬೇಡ. 2022-23ರ ಶೈಕ್ಷಣಿಕ ವರ್ಷದಿಂದ ಯಾದಗಿರಿಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ತಾಲೂಕು ಮಟ್ಟದಲ್ಲಿ ನನ್ನ ದೃಷ್ಟಿ ಇರುವುದು ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಮೇಲೆ. ಮನೋವೈದ್ಯರ ಸೇವೆ ತಾಲೂಕು ಆಸ್ಪತ್ರೆಗೆ ಬರಲೆಂದು ಇಟ್ಟ ದಿನ ಅದು. ಮನೋವೈದ್ಯರಿಗೆ ಟ್ರೈಹೆಕ್ಸಿಫೆನಿಡಿಲ್ ಗೊತ್ತು, ಔಷಧದಿಂದ ಬರುವ ನಡುಕ ಗೊತ್ತು, ಖಿನ್ನತೆ ಗೊತ್ತು. ಶಹಾಪುರ, ಸುರಪುರದ ಪಾರ್ಕಿನ್ಸನ್ ರೋಗಿಗಳನ್ನು ಅದೇ ದಿನ ಕರೆದು, ಇ-ಸಂಜೀವಿನಿ ದೂರವೈದ್ಯ ಸೇವೆಯ ಮೂಲಕ ನರರೋಗ ತಜ್ಞರಿಗೆ ತೋರಿಸಿ, ಆರು ತಿಂಗಳಿಗೊಮ್ಮೆ ಪ್ರಮಾಣ ನೋಡಿ, ಮಾತ್ರೆಯನ್ನು ಅಲ್ಲಿಂದಲೇ ಕೊಟ್ಟು ಕಳಿಸಬಹುದು. ಶಹಾಪುರಕ್ಕೂ ಸುರಪುರಕ್ಕೂ ರೈಲಿಲ್ಲ, ಬಸ್ಸೇ ಗತಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ಟಿನ ಖರ್ಚು ಇಲ್ಲದಿರುವುದರಿಂದ ಗಂಡನನ್ನು ಕರೆತರುವ ಹೆಂಡತಿಗೆ, ಅತ್ತೆಯನ್ನು ಕರೆತರುವ ಸೊಸೆಗೆ ಒಂದು ಭಾರ ಇಳಿದಿದೆ.

ಕಾನೂನಿನ ಆಸರೆಯೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಗಳಲ್ಲಿ ಪಾರ್ಕಿನ್ಸನ್ ಹೆಸರು ಹಿಡಿದು ಸೇರಿದೆ. ಶೇ. 40 ಅಥವಾ ಅದಕ್ಕೆ ಮೇಲ್ಪಟ್ಟ ಊನವೆಂದು ಪ್ರಮಾಣಪತ್ರ ಸಿಕ್ಕರೆ ಮಾಸಾಶನ, ಬಸ್ ಪಾಸಿನಂಥ ಸೌಲಭ್ಯಗಳಿಗೆ ದಾರಿ. ಪರೀಕ್ಷೆಗೆ ಹೋಗುವ ದಿನ ಮಾತ್ರೆ ನುಂಗಿ ಬಲ ಏರಿದ ಹೊತ್ತಿನಲ್ಲಿ ವೈದ್ಯರ ಮುಂದೆ ನಿಂತ ರೋಗಿ ಚೆನ್ನಾಗಿಯೇ ಕಾಣುತ್ತಾನೆ. ಬಲ ಇಳಿದ ತಾಸುಗಳ ಸ್ಥಿತಿಯನ್ನು ಮಗನ ಫೋನಿನಲ್ಲಿ ಹಿಡಿದ ಒಂದು ವಿಡಿಯೊ ತೋರಿಸಿ ತಿಳಿಸಬಹುದು. ಗ್ರಾಮ ಪಂಚಾಯಿತಿಗಳಲ್ಲಿ ಕೆಲಸ ಮಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಈ ಕಾಯಿಲೆಯೂ ತಮ್ಮ ಪಟ್ಟಿಯದೇ ಎಂದು ಮನವರಿಕೆ ಮಾಡಿಸಬೇಕು.

ಉಳಿದ ದೊಡ್ಡ ತೊಡಕು ಗುಳೆ. ಸುಗ್ಗಿ ಮುಗಿದ ಮೇಲೆ ಮಗ ಸೊಸೆ ಬೆಂಗಳೂರಿಗೆ, ಪುಣೆಗೆ, ಮುಂಬಯಿಗೆ, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ಮುದುಕರು ಮತ್ತು ಶಾಲೆಗೆ ಹೋಗುವ ಮಕ್ಕಳು. ಹೊತ್ತಿಗೆ ಮಾತ್ರೆ ಕೊಡಬೇಕಾದ ಕೈ ನಾಲ್ಕೈದು ತಿಂಗಳು ಊರಲ್ಲಿ ಇರುವುದಿಲ್ಲ. ಹೋಗುವ ಮೊದಲು ಅಷ್ಟೂ ತಿಂಗಳ ಮಾತ್ರೆ ಒಟ್ಟಿಗೆ ಸಿಗುವಂತಿರಬೇಕು, ಹೊತ್ತಿಗೊಂದರಂತೆ ಬೇರೆ ಬೇರೆ ಬಣ್ಣದ ಚೀಲದಲ್ಲಿ ಕಟ್ಟಿಡಬೇಕು, ಮೊಬೈಲಿನ ಗಂಟೆ ಹೊಡೆದಾಗ ಮೊಮ್ಮಗಳು ಯಾವ ಚೀಲದಿಂದ ತೆಗೆಯಬೇಕೆಂದು ಅವಳಿಗೆ ಗೊತ್ತಿರಬೇಕು. ಶಾಲೆಯ ಹೊತ್ತಿನ ಮಾತ್ರೆಗೆ ನೆರೆಮನೆಯವರನ್ನು ಒಪ್ಪಿಸಿರಬೇಕು. ಆದ್ದರಿಂದ ಜಿಲ್ಲೆಯಲ್ಲಿ ಮುಂದೆ ನಡೆಯಬೇಕಾದ ಮನೆಮನೆ ಎಣಿಕೆಯನ್ನು, ಹುಣಸಗಿ ಕಡೆಯ ಒಂದೇ ಹೋಬಳಿಯಲ್ಲಿ ಆರಂಭಿಸಿದರೂ ಸರಿಯೆ, ವರ್ಷದಲ್ಲಿ ಎರಡು ಸಲ ಮಾಡಬೇಕೆಂದು ಸೂಚಿಸುತ್ತೇನೆ: ಮುಂಗಾರು ಬಿತ್ತನೆಗೆ ಎಲ್ಲರೂ ಊರಲ್ಲಿರುವ ಜೂನ್‌ನಲ್ಲಿ ಒಮ್ಮೆ, ಗುಳೆ ಹೋದವರ ಮನೆಗಳು ಖಾಲಿಯಾಗಿರುವ ಜನವರಿ, ಫೆಬ್ರವರಿಯಲ್ಲಿ ಒಮ್ಮೆ. ವಯಸ್ಸು, ಲಕ್ಷಣ, ಹೊಲದ ಔಷಧ, ನುಂಗುವ ಮಾತ್ರೆ ಇವುಗಳ ಕಲಂಗಳ ಜೊತೆಗೆ ‘ಮಾತ್ರೆ ಕೊಡುವವರು ಯಾರು’ ಎಂಬ ಕಲಂ ಎರಡೂ ಸಲ ಇರಬೇಕು.